ಮೂಡುಬಿದಿರೆಯ ಧವಳ ಗ್ರಂಥಗಳೂ ಬಿಟ್ಟುಹೋದ ಒಂದು ಪದವೂ

ಜ್ಯೇಷ್ಠ ಶುದ್ಧ ಪಂಚಮಿಯಂದು ನಮ್ಮ ಬಸದಿಗಳಲ್ಲಿ ಶ್ರುತಪೂಜೆ ನಡೆಯುತ್ತದೆ. ಗ್ರಂಥಗಳನ್ನು ಪೀಠದ ಮೇಲಿರಿಸಿ, ಹೊಸ ವಸ್ತ್ರ ಹೊದಿಸಿ, ಅಷ್ಟದ್ರವ್ಯಗಳಿಂದ ಅರ್ಚಿಸುತ್ತೇವೆ. ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರ್ಣಗೊಳಿಸಿದ ಬಳಿಕ ಚತುಸ್ಸಂಘವು ಅದನ್ನು ಪೂಜಿಸಿದ ದಿನ ಅದೆಂಬುದು ಪರಂಪರೆ. ಪೂಜೆ ಮುಗಿದ ತರುವಾಯ ಗ್ರಂಥಗಳು ಪುನಃ ಕಪಾಟಿಗೆ ಸೇರುತ್ತವೆ. ಮುಂದಿನ ಪಂಚಮಿಯವರೆಗೆ ಅವುಗಳನ್ನು ತೆರೆದು ನೋಡುವವರು ಎಷ್ಟು ಮಂದಿ ಎಂದು ಕೇಳಿದರೆ ನಾನೂ ತಲೆ ತಗ್ಗಿಸಬೇಕಾದವನೇ.

ಹೀಗೆ ಪೂಜೆಗೊಳ್ಳುತ್ತಿದ್ದ ಗ್ರಂಥವೊಂದು ನಮ್ಮ ಜಿಲ್ಲೆಯ ಕಪಾಟಿನಿಂದ ಹೊರಬಂದು ಅಚ್ಚಾದ ವೃತ್ತಾಂತವನ್ನು ಈ ಪತ್ರಿಕೆಯ ವಾಚಕರ ಮುಂದಿಡಬೇಕೆಂಬುದು ಬಹುಕಾಲದ ಆಶೆ. ನಾನು ಪ್ರಾಕೃತ ಪಂಡಿತನಲ್ಲ. ಬಂಟ್ವಾಳ ಪೇಟೆಯಲ್ಲಿ ಅಡಿಕೆ ಅಕ್ಕಿಗಳ ವ್ಯಾಪಾರ ಮಾಡಿಕೊಂಡು ಬಂದ ಬಿ.ಕಾಂ. ಪದವೀಧರ. ಆದರೆ ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಬರೆದಿಳಿಸುವಾಗ ಏನೇನು ತಪ್ಪಬಹುದು ಎಂಬುದನ್ನು ಬಲ್ಲೆ. ಈ ವೃತ್ತಾಂತದ ತಿರುಳೂ ಅದೇ ಆಗಿದೆ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಶ್ರುತಜ್ಞಾನವನ್ನು ಪಡೆದ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳು ಷಟ್ಖಂಡಾಗಮವನ್ನು ಸೂತ್ರರೂಪದಲ್ಲಿ ನಿಬಂಧಿಸಿದರು. ಭಾಷೆ ಶೌರಸೇನೀ ಪ್ರಾಕೃತ. ಅನೇಕ ಶತಮಾನಗಳ ತರುವಾಯ ವೀರಸೇನಾಚಾರ್ಯರು ಅದರ ಮೊದಲ ಐದು ಖಂಡಗಳಿಗೆ ಸಂಬಂಧಿಸಿ 72 ಸಾವಿರ ಶ್ಲೋಕ ಪ್ರಮಾಣದ ಧವಳ ಟೀಕೆಯನ್ನು ರಚಿಸಿದರು. ಅದು ಕ್ರಿ.ಶ. 816ರಲ್ಲಿ ಮುಗಿಯಿತೆಂದು ಡಾ. ಹೀರಾಲಾಲ ಜೈನರು ಗಣಿಸಿದ್ದಾರೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ಜಯಧವಳ ಎಂಬ ಟೀಕೆಯನ್ನೂ ವೀರಸೇನರೇ ಆರಂಭಿಸಿ 20 ಸಾವಿರ ಶ್ಲೋಕ ಪ್ರಮಾಣದಷ್ಟು ಬರೆದು ದಿವಂಗತರಾದರು. ಶಿಷ್ಯರಾದ ಜಿನಸೇನರು ಉಳಿದ 40 ಸಾವಿರವನ್ನು ಬರೆದು, ಅಮೋಘವರ್ಷನ ಆಳ್ವಿಕೆಯಲ್ಲಿ, ಶಕ 759ರಲ್ಲಿ ಅಂದರೆ ಕ್ರಿ.ಶ. 837ರಲ್ಲಿ ಪೂರ್ತಿಗೊಳಿಸಿದರು. ಆರನೆಯ ಖಂಡವಾದ ಮಹಾಬಂಧವೇ ಲೋಕದಲ್ಲಿ ಮಹಾಧವಳವೆಂದು ಪ್ರಸಿದ್ಧವಾಗಿದೆ.

ಈ ಮೂರರ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದು ಬಂದುದು ಮೂಡುಬಿದಿರೆಯ ಗುರುಬಸದಿಯಲ್ಲಿ. ಅದನ್ನು ಸಿದ್ಧಾಂತ ಬಸದಿ ಎಂದು ಕರೆಯುವುದೂ ಇದೇ ಕಾರಣದಿಂದ. ಲಿಪಿ ಹಳೆಯ ಕನ್ನಡ. ಧವಳದ ಪ್ರತಿಯನ್ನು 12ನೆಯ ಶತಮಾನದ ಆರಂಭದಲ್ಲಿ ದೇಮಿಯಕ್ಕನೆಂಬ ಶ್ರಾವಿಕೆ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತಳು. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ ಎಂಬ ರಾಜಪತ್ನಿ; ಶ್ರೀಪಂಚಮಿ ವ್ರತದ ಉದ್ಯಾಪನೆಯಲ್ಲಿ ಅದನ್ನು ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಈ ಇಬ್ಬರು ಶ್ರಾವಿಕೆಯರನ್ನು ವಾಚಕರು ನೆನಪಿನಲ್ಲಿಡಬೇಕು.

1883ರಲ್ಲಿ ಮುಂಬಯಿಯ ಸೇಠ ಮಾಣಿಕಚಂದರು ಯಾತ್ರಾರ್ಥವಾಗಿ ಮೂಡುಬಿದಿರೆಗೆ ಬಂದರು. ರತ್ನಬಿಂಬಗಳ ದರ್ಶನದೊಡನೆ ಸಿದ್ಧಾಂತ ಗ್ರಂಥಗಳ ದರ್ಶನವೂ ಆಯಿತು. ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಅವರ ಮನಸ್ಸು ಕಳವಳಗೊಂಡಿತು. ಅವರೂ ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದರೂ ಸೇರಿ ಪ್ರತಿ ಮಾಡಿಸುವ ಕಾರ್ಯಕ್ಕೆ ಹಣ ಕೂಡಿಸಿದರು. ಹಳೆಯ ಲಿಪಿಯನ್ನೂ ವಿಷಯವನ್ನೂ ಒಟ್ಟಿಗೆ ಬಲ್ಲವರು ಅಂದು ಅತಿ ವಿರಳ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರೆಯಲು ಕುಳಿತರು. ಧವಳ ಜಯಧವಳಗಳ ನಾಗರೀ ಮತ್ತು ಕನ್ನಡ ಪ್ರತಿಗಳು, ಆಮೇಲೆ ಪಂಡಿತ ಲೋಕನಾಥ ಶಾಸ್ತ್ರಿಗಳ ಕೈಯಲ್ಲಿ ಮಹಾಬಂಧದ ಪ್ರತಿ, ಎಲ್ಲವೂ ಮುಗಿಯುವಷ್ಟರಲ್ಲಿ 1922 ಬಂದಿತ್ತು. 1896ರಿಂದ ಎಣಿಸಿದರೆ 26 ವರ್ಷ, ಖರ್ಚು ಸುಮಾರು 20 ಸಾವಿರ ರೂಪಾಯಿ. ಆ ಕಾಲದ 20 ಸಾವಿರ ಎಷ್ಟೆಂಬುದನ್ನು ವ್ಯಾಪಾರಿ ಕುಟುಂಬಗಳಿಗೆ ಹೇಳಬೇಕಾಗಿಲ್ಲ.

ಇಷ್ಟಾದರೂ ಆ ಹೊಸ ಪ್ರತಿಗಳು ಮೂಡುಬಿದಿರೆಯಲ್ಲೇ ಉಳಿದವು. ಗ್ರಂಥವು ಕ್ಷೇತ್ರ ಬಿಟ್ಟು ಹೊರಹೋಗಕೂಡದೆಂಬುದು ಅಂದಿನ ಕಟ್ಟಳೆ. ಅದನ್ನು ಸಂಕುಚಿತತೆಯೆಂದು ನಿಂದಿಸುವುದು ಈಗ ಸುಲಭ. ಆದರೆ ನಾಡಿನ ಇತರೆಡೆಗಳಲ್ಲಿ ನಶಿಸಿದ್ದು ಇಲ್ಲಿ ಮಾತ್ರ ಏಳೆಂಟು ಶತಮಾನ ಉಳಿದದ್ದು ಇಂತಹ ಬಿಗಿ ಕಾವಲಿನಿಂದಲೇ ಎಂಬುದನ್ನೂ ಮರೆಯಬಾರದು.

ಕಾವಲು ಬಿಗಿಯಾದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ಗಜಪತಿ ಉಪಾಧ್ಯಾಯರು ಒಪ್ಪಿಕೊಂಡ ಪ್ರತಿಯನ್ನು ಬರೆಯುತ್ತಿರುವಾಗಲೇ, ವಿದುಷಿಯಾದ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದನ್ನು ಹೀರಾಚಂದರಿಗೂ ಮಾಣಿಕಚಂದರಿಗೂ ಕೊಡಲು ಹೋದಾಗ, ಹೀಗೆ ಬಂದ ಗ್ರಂಥವನ್ನು ಕೊಳ್ಳುವುದು ನೀತಿಯಲ್ಲವೆಂದು ಅವರು ಒಪ್ಪಲಿಲ್ಲ. ಯಾವ ಗ್ರಂಥಕ್ಕಾಗಿ ವರ್ಷಗಟ್ಟಲೆ ಹಂಬಲಿಸಿ ಹಣ ಸುರಿದಿದ್ದರೋ ಅದೇ ಗ್ರಂಥ ಬಾಗಿಲಿಗೆ ಬಂದಾಗ ಬೇಡವೆಂದ ಆ ಇಬ್ಬರು ವರ್ತಕರ ವಿಷಯದಲ್ಲಿ ನನಗೆ ಅಪಾರ ಗೌರವವಿದೆ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮ ಮಂದಿರದಲ್ಲಿರಿಸಿದರು. ಅಲ್ಲಿ ಕನ್ನಡ ಓದಬಲ್ಲವರಿಲ್ಲ. ಪಂಡಿತ ವಿಜಯಚಂದ್ರಯ್ಯನವರು ಓದಿ ಹೇಳುವುದು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಳ್ಳುವುದು, ಹೀಗೆ ಕೆಲಸ ನಡೆಯಿತು. ಸೀತಾರಾಮ ಶಾಸ್ತ್ರಿಗಳು ಮಾಲೀಕರಿಗೆ ಕೊಟ್ಟದ್ದಲ್ಲದೆ ತಮಗೂ ಒಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದೆಡೆಗಳಿಗೆ ಪ್ರತಿಗಳು ಹರಡಿದವು.

ತಾಡಪತ್ರದಿಂದ ಗಜಪತಿಯವರ ಕಾಗದಕ್ಕೆ, ಅಲ್ಲಿಂದ ಓದುವವನ ಬಾಯಿಗೆ, ಬಾಯಿಂದ ಬರೆಯುವವನ ಕಿವಿಗೆ, ಕಿವಿಯಿಂದ ನಾಗರೀ ಅಕ್ಷರಕ್ಕೆ, ಅದರಿಂದ ಮತ್ತೆ ಪ್ರತಿಗೆ ಪ್ರತಿ. ಮೂಲ ಲಿಪಿಯಾದರೂ ಸುಲಭವೇ? ಕನ್ನಡ ಲಿಪಿಯ ಪ್ರಾಕೃತ ಗ್ರಂಥಗಳಲ್ಲಿ ಅಕ್ಷರದ ಮುಂದಿನ ಬಿಂದು ಕೆಲವೆಡೆ ಅನುಸ್ವಾರವನ್ನೂ ಕೆಲವೆಡೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುತ್ತದೆ. ದಕ್ಕೂ ಧಕ್ಕೂ ಭೇದ ತೋರುವುದು ಕಷ್ಟ. ಪದಗಳ ನಡುವೆ ತೆರಪಿಲ್ಲ.

ಭೇಲಸಾದ, ಅಂದರೆ ಇಂದಿನ ವಿದಿಶಾದ, ಸೇಠ ಶಿತಾಬರಾಯ ಲಕ್ಷ್ಮೀಚಂದ್ರರ ದಾನನಿಧಿಯಿಂದ ಅಮರಾವತಿಯಲ್ಲಿ ಪ್ರಕಾಶನ ಕಾರ್ಯ ಆರಂಭವಾಯಿತು. ಸಂಪಾದಕರು ಅಲ್ಲಿನ ಕಾಲೇಜಿನ ಪ್ರಾಧ್ಯಾಪಕ ಹೀರಾಲಾಲ ಜೈನರು. ಪಂಡಿತ ಫೂಲಚಂದ್ರ ಶಾಸ್ತ್ರಿ, ಪಂಡಿತ ಹೀರಾಲಾಲ ಶಾಸ್ತ್ರಿ ಮತ್ತು ನಮ್ಮ ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ.ನೇ. ಉಪಾಧ್ಯೆ ಸಹಕರಿಸಿದರು. ಧವಳ ಟೀಕೆ ಹಾಗೂ ಹಿಂದೀ ಅನುವಾದ ಸಹಿತವಾದ ಪ್ರಥಮ ಸಂಪುಟ 1939ರಲ್ಲಿ ಹೊರಬಂದಿತು. ಅವರ ಕೈಯಲ್ಲಿದ್ದುದು ಸಹಾರನಪುರದ ಸಂತತಿಯ ಪ್ರತಿಗಳು ಮಾತ್ರ. ಮೂಡುಬಿದಿರೆಯ ಗರಿ ಆಗ ಅವರಿಗೆ ದೊರೆತಿರಲಿಲ್ಲ.

ಈಗ ಆ ಒಂದು ಪದದ ವಿಚಾರ. ಪ್ರಥಮ ಖಂಡದ ಸತ್‌ಪ್ರರೂಪಣೆಯಲ್ಲಿ 93ನೆಯ ಸೂತ್ರವು ಮನುಷ್ಯಿಣಿಯರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರೇ ಆಗಿರುತ್ತಾರೆ ಎಂಬುದನ್ನು ಹೇಳುತ್ತದೆ. ಕೈಗೆ ಸಿಕ್ಕ ಪ್ರತಿಗಳಲ್ಲಿ ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತ ಸಮ್ಯಗ್ದೃಷ್ಟಿ, ಸಂಯತಾಸಂಯತ ಎಂಬ ಮೂರು ಹೆಸರುಗಳಿದ್ದವು. ನಾಲ್ಕನೆಯದಾಗಿ ‘ಸಂಯತ’ ಎಂಬುದೂ, ಪ್ರಾಕೃತದಲ್ಲಿ ‘ಸಂಜದ’ ಎಂಬುದೂ, ಇರಬೇಕಾಗಿತ್ತೆಂದು ಸಂಪಾದಕರಿಗೆ ತೋರಿತು. ಏಕೆಂದರೆ ವೀರಸೇನರ ಟೀಕೆಯಲ್ಲಿ ಒಂದು ಪ್ರಶ್ನೋತ್ತರವಿದೆ. ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ಮುಕ್ತಿ ಸಿದ್ಧವಾಗುವುದಿಲ್ಲವೇ ಎಂದು ಶಂಕಾಕಾರನು ಕೇಳುತ್ತಾನೆ. ಆಚಾರ್ಯರು ಅದನ್ನು ನಿರಾಕರಿಸಿ, ಇಲ್ಲಿ ವಿವಕ್ಷೆ ಭಾವವೇದದ್ದು, ಆದುದರಿಂದ ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿದರೂ ವಿರೋಧವಿಲ್ಲವೆಂದು ಸಮಾಧಾನ ನೀಡುತ್ತಾರೆ. ಸೂತ್ರವು ಸಂಯತಾಸಂಯತದಲ್ಲೇ ನಿಂತಿದ್ದರೆ ಆ ಶಂಕೆ ಏಳುವುದಕ್ಕೆ ಆಸ್ಪದವೇ ಇಲ್ಲ.

ಇದನ್ನು ಓದಿದಾಗ ನನಗೆ ನಮ್ಮ ತಂದೆಯವರ ಗದ್ದುಗೆ ನೆನಪಾಯಿತು. ಕಾಲೇಜು ಮುಗಿಸಿ ಅಂಗಡಿಗೆ ಬಂದ ಹೊಸತರಲ್ಲಿ ದಿನವಹಿಯಿಂದ ಖಾತೆಗೆ ಎತ್ತಿ ಬರೆಯುವ ಕೆಲಸ ನನ್ನದು. ವರ್ಷಾಂತ್ಯದಲ್ಲಿ ತಾಳೆಪಟ್ಟಿ ಕೂಡಿಬರಲಿಲ್ಲ. ಎರಡು ದಿನ ಹುಡುಕಿ ಸೋತು, ವ್ಯತ್ಯಾಸದ ಮೊತ್ತವನ್ನು ಅನಾಮತು ಖಾತೆಗೆ ಹಾಕಿ ಮುಗಿಸಿಬಿಡೋಣವೆಂದೆ. ತಂದೆಯವರು ಖಾತೆಯನ್ನು ಮುಟ್ಟಲೂ ಇಲ್ಲ. ‘ಮಗಾ, ದಿನವಹಿ ತೆಗೆ’ ಎಂದರು. ಒಂದೇ ಹೆಸರಿನ ಇಬ್ಬರು ಗಿರಾಕಿಗಳ ಎರಡು ಬಾಬುಗಳು ಅಲ್ಲಿ ಒಂದರ ಕೆಳಗೊಂದು ಇದ್ದವು. ಮೊದಲನೆಯದನ್ನು ಬರೆದು ಕಣ್ಣೆತ್ತಿದವನು ಮರಳಿ ನೋಡುವಾಗ ಎರಡನೆಯದರ ಕೆಳಕ್ಕೆ ಇಳಿದುಬಿಟ್ಟಿದ್ದೆ.

ಸಂಜದಾಸಂಜದ ಎಂಬುದರ ಬೆನ್ನಿಗೇ ಮತ್ತೆ ಸಂಜದ. ಒಂದೇ ಬಗೆಯ ಅಕ್ಷರಗಳು ಎಡೆಬಿಡದೆ ಬಂದಲ್ಲಿ ಬರೆಯುವವನ ಕಣ್ಣೋ ಕೇಳುವವನ ಕಿವಿಯೋ ಜಾರುವುದು ಸಹಜ. ಇದರಲ್ಲಿ ಯಾರ ಕುಟಿಲವನ್ನೂ ನಾನು ಕಾಣೆ.

ಸಂಪಾದಕರು ಮುಂದೆ ಏನು ಮಾಡಿದರೆಂಬುದು ಮುಖ್ಯ. ಸೂತ್ರದೊಳಗೆ ಪದವನ್ನು ತುರುಕಲಿಲ್ಲ. ಪ್ರತಿಗಳಲ್ಲಿ ಇದ್ದಂತೆಯೇ ಮೂಲವನ್ನು ಅಚ್ಚು ಹಾಕಿ, ಇಲ್ಲಿ ‘ಸಂಜದ’ ಎಂಬ ಪಾಠ ಉಳಿದುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿ ಕೊಟ್ಟರು. ಆ ಒಂದು ಸಾಲಿನ ಟಿಪ್ಪಣಿ ಸಮಾಜದಲ್ಲಿ ಬಿರುಗಾಳಿಯೆಬ್ಬಿಸಿತು. ಸ್ತ್ರೀಮುಕ್ತಿಯು ದಿಗಂಬರ ಶ್ವೇತಾಂಬರ ಆಮ್ನಾಯಗಳ ನಡುವಣ ಹಳೆಯ ವಿವಾದ. ನಮ್ಮ ಆಗಮದಲ್ಲೇ ಎದುರು ಪಕ್ಷಕ್ಕೆ ಬಲ ಕೊಡುವ ಪದವನ್ನು ಪ್ರಾಧ್ಯಾಪಕರು ಸೇರಿಸಹೊರಟಿದ್ದಾರೆಂದು ಕೆಲವರು ಆಕ್ಷೇಪಿಸಿದರು. ಲೇಖನಗಳು, ಪ್ರತಿಲೇಖನಗಳು, ವಿದ್ವತ್ಸಭೆಗಳು ನಡೆದವು. ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಆಗಮಗಳನ್ನು ತಾಮ್ರಪತ್ರದ ಮೇಲೆ ಕೆತ್ತಿಸುವ ಮಹತ್ಕಾರ್ಯ ಕೈಗೊಂಡಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಯಿತು. ತಾಮ್ರದ ಮೇಲೆ ಯಾವ ಪಾಠವನ್ನು ಕೆತ್ತುವುದು?

ಇಂತಹ ವಾದವನ್ನು ವಾದದಿಂದ ತೀರಿಸಲಾಗದು, ದಿನವಹಿಯನ್ನೇ ತೆಗೆಯಬೇಕು. ಸಂಪುಟಗಳು ಮುಂದುವರಿಯುತ್ತಿದ್ದಂತೆ ಮೂಡುಬಿದಿರೆಯ ಭಟ್ಟಾರಕ ಸ್ವಾಮೀಜಿಯವರೂ ಬಸದಿಯ ಪಂಚರೂ ಉದಾರ ಮನಸ್ಸಿನಿಂದ ಮೂಲ ತಾಡಪತ್ರಗಳೊಡನೆ ತಾಳೆ ನೋಡಲು ಅನುಕೂಲ ಮಾಡಿಕೊಟ್ಟರು. ಅಲ್ಲಿನ ವೀರವಾಣೀ ವಿಲಾಸ ಜೈನ ಸಿದ್ಧಾಂತ ಭವನದ ಲೋಕನಾಥ ಶಾಸ್ತ್ರಿಗಳು ಗರಿಗಳನ್ನು ಓದಿ ಪಾಠಗಳನ್ನು ಕಳುಹಿಸಿದರು. 93ನೆಯ ಸೂತ್ರದ ಗರಿಯಲ್ಲಿ ‘ಸಂಜದ’ ಸ್ಪಷ್ಟವಾಗಿತ್ತು.

ಗರಿ ಹೀಗೆ ಹೇಳಿತೆಂದ ಮಾತ್ರಕ್ಕೆ ಸ್ತ್ರೀಮುಕ್ತಿಯ ವಿಷಯದಲ್ಲಿ ದಿಗಂಬರ ಸಿದ್ಧಾಂತ ಅಲುಗಿತೇ? ಇಲ್ಲ. ಅದಕ್ಕೆ ಸಮಾಧಾನವನ್ನು ವೀರಸೇನರು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಅವರ ಎದುರಿಗಿದ್ದ ಸೂತ್ರದಲ್ಲಿ ಆ ಪದವಿತ್ತು. ಅವರು ಅದನ್ನು ಅಳಿಸದೆ ಅರ್ಥ ವಿವರಿಸಿದರು. ಪದವನ್ನು ಕಂಡು ಬೆದರಿದವರು ಆಚಾರ್ಯರಿಗಿಂತ ಹೆಚ್ಚು ಸಿದ್ಧಾಂತ ರಕ್ಷಣೆ ಮಾಡಹೊರಟಿದ್ದರೆಂದು ನನ್ನ ವಿನಮ್ರ ಅಭಿಪ್ರಾಯ. ಸ್ತ್ರೀಯರ ಕುರಿತ ಒಂದು ಪದವು ಅನೇಕ ಪ್ರತಿಗಳಲ್ಲಿ ಜಾರಿಹೋಗಿ, ದೇಮಿಯಕ್ಕನು ದಾನವಿತ್ತ ಗ್ರಂಥಭಂಡಾರದಲ್ಲಿ ಮಾತ್ರ ಉಳಿದಿತ್ತೆಂಬುದನ್ನು ನೆನೆದಾಗ ಮಾತ್ರ ಮನಸ್ಸು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ.

ಗಜಪತಿ ಉಪಾಧ್ಯಾಯರ ಕೃತ್ಯವನ್ನು ಏನೆನ್ನಬೇಕು? ನಮ್ಮ ಅಣುವ್ರತಗಳಲ್ಲಿ ಅಚೌರ್ಯವೂ ಒಂದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಕ್ಷರವನ್ನು ಕದ್ದರೆ ಮೂಲದಲ್ಲಿ ಏನೂ ಕಡಿಮೆಯಾಗುವುದಿಲ್ಲವೆಂದು ವಾದಿಸಬಹುದು. ಅವರ ಪ್ರತಿಯಿಲ್ಲದಿದ್ದರೆ 1939ರ ಸಂಪುಟವೂ ಇಲ್ಲ. ಆದರೆ ಗುಪ್ತವಾಗಿ ಬರೆದ ಪ್ರತಿಗೆ ಮೂಲದೊಡನೆ ಮತ್ತೊಮ್ಮೆ ತಾಳೆ ನೋಡುವ ಅವಕಾಶವಿಲ್ಲ. ಅದರ ಸಂತತಿಗೂ ಇಲ್ಲ. ಕಪಾಟು ತೆರೆದಿದ್ದರೆ ಕದಿಯಬೇಕಾಗಿರಲಿಲ್ಲ, ಬಿಟ್ಟುಹೋದ ಪದ ಅಷ್ಟು ಕಾಲ ಬಿಟ್ಟೇ ಉಳಿಯುತ್ತಲೂ ಇರಲಿಲ್ಲ. ಹೀರಾಚಂದ ಮಾಣಿಕಚಂದರ ನಿರಾಕರಣೆಯನ್ನು ಹೊಗಳಿದ ನಾನೇ, ಜಂಬೂಪ್ರಸಾದರು ಕೊಂಡದ್ದನ್ನು ತಪ್ಪೆನ್ನಲಾರೆ. ಈ ಎರಡು ಅಭಿಪ್ರಾಯಗಳನ್ನು ಹೊಂದಿಸಲು ವರ್ಷಗಳಿಂದ ಪ್ರಯತ್ನಿಸಿದ್ದೇನೆ, ಸಾಧ್ಯವಾಗಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಧವಳದ 16 ಸಂಪುಟಗಳು ಸುಮಾರು ಎರಡು ದಶಕಗಳಲ್ಲಿ ಪೂರ್ಣಗೊಂಡವು. ಮಹಾಬಂಧದ ಮೊದಲ ಸಂಪುಟವನ್ನು ಪಂಡಿತ ಸುಮೇರುಚಂದ್ರ ದಿವಾಕರರು ಸಂಪಾದಿಸಿದರು. ಕಾಶಿಯ ಭಾರತೀಯ ಜ್ಞಾನಪೀಠ ಅದನ್ನು 1947ರಲ್ಲಿ ಹೊರತಂದಿತು. ಉಳಿದ ಆರನ್ನು ಫೂಲಚಂದ್ರ ಶಾಸ್ತ್ರಿಗಳು ಮುಗಿಸಿದರು. ಜಯಧವಳದ ಪ್ರಕಾಶನವನ್ನು ಮಥುರೆಯ ದಿಗಂಬರ ಜೈನ ಸಂಘ 1944ರಲ್ಲಿ ಆರಂಭಿಸಿ 1988ರಲ್ಲಿ ಮುಗಿಸಿತು. 44 ವರ್ಷ! ಧವಳದ ನಾಲ್ಕನೆಯ ಸಂಪುಟದಲ್ಲಿ ಲಖನೌದ ಗಣಿತಜ್ಞ ಡಾ. ಅವಧೇಶ ನಾರಾಯಣ ಸಿಂಹರು ವೀರಸೇನರ ಗಣಿತದ ಬಗ್ಗೆ ಬರೆದ ಲೇಖನವಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಎಣಿಕೆಗೆ ವೀರಸೇನರು ‘ಅರ್ಧಚ್ಛೇದ’ ಎನ್ನುತ್ತಾರೆ. ಕಾಲೇಜಿನಲ್ಲಿ ಲಾಗರಿದಂ ಕೋಷ್ಟಕ ಹಿಡಿದು ತಿಣುಕಿದ್ದ ನನಗೆ ಅದು ನಮ್ಮ ಕಪಾಟಿನಲ್ಲೇ ಇತ್ತೆಂದು ತಿಳಿದದ್ದು ಐವತ್ತು ದಾಟಿದ ಮೇಲೆ.

ಕನ್ನಡ ಲಿಪಿಯಲ್ಲಿ ಉಳಿದ ಗ್ರಂಥ ಮೊದಲು ಅಚ್ಚಾದದ್ದು ನಾಗರಿಯಲ್ಲಿ, ಮೊದಲು ಅನುವಾದವಾದದ್ದು ಹಿಂದಿಗೆ. ಕನ್ನಡಾನುವಾದದ ಕಾರ್ಯ ಬಹು ತಡವಾಗಿ ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯಲ್ಲಿ ನಡೆಯಿತು. ಅನುವಾದದಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಮೇಲೆ ಹೇಳಿದ ‘ಮನುಷ್ಯಿಣಿ’ಯನ್ನೇ ನೋಡಿ. ‘ಹೆಂಗಸು’ ಎಂದು ಅನುವಾದಿಸಿದರೆ ವೀರಸೇನರ ಸಮಾಧಾನ ಕುಸಿದುಬೀಳುತ್ತದೆ; ‘ಭಾವಸ್ತ್ರೀ’ ಎಂದು ಅನುವಾದಿಸಿದರೆ ಸೂತ್ರಕಾರರ ಬಾಯಿಗೆ ಟೀಕಾಕಾರರ ಮಾತನ್ನಿಟ್ಟಂತಾಗುತ್ತದೆ. ಪಾರಿಭಾಷಿಕ ಪದವನ್ನು ಹಾಗೆಯೇ ಉಳಿಸಿ ಕೆಳಗೆ ವಿವರಿಸುವುದೇ ಲೇಸೆಂದು ನನಗನಿಸುತ್ತದೆ. ಓದುವವರಿಗೆ ಕೊಂಚ ಶ್ರಮವಾದರೆ ಆಗಲಿ.

ಗ್ರಂಥಗಳ ಪಟ್ಟಿ ಮಾಡುವುದೂ ಸಂಪಾದನೆಯ ಮೊದಲ ಮೆಟ್ಟಿಲೇ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆಯ ಜೈನಮಠ, ಸಿದ್ಧಾಂತ ಬಸದಿ, ಕಾರ್ಕಳದ ಮಠ, ಅಳಿಯೂರಿನ ಗ್ರಂಥಭಂಡಾರ ಮೊದಲಾದವುಗಳ ತಾಡಪತ್ರಗಳನ್ನು ಒಂದೊಂದಾಗಿ ನೋಡಿ ಸಿದ್ಧಪಡಿಸಿದ ಸೂಚಿಯನ್ನು ಜ್ಞಾನಪೀಠವು 1948ರಲ್ಲಿ ಪ್ರಕಟಿಸಿತು. ಮಠ ಬಸದಿಗಳದ್ದು ಹೀಗೆ ಪಟ್ಟಿಗೆ ಸೇರಿತು. ಬಂಟ್ವಾಳ ಬೆಳ್ತಂಗಡಿ ತಾಲೂಕುಗಳ ಬೀಡು ಗುತ್ತುಗಳ ಅಟ್ಟದ ಮೇಲಿದ್ದುದು ಸೇರಲಿಲ್ಲ.

ನಮ್ಮ ಸೋದರತ್ತೆಯ ಮನೆ ಬೆಳ್ತಂಗಡಿ ತಾಲೂಕಿನಲ್ಲಿ. ಅಲ್ಲಿ ಒಂದು ತಾಡಪತ್ರದ ಕಟ್ಟು ಇತ್ತು. ಶ್ರುತಪಂಚಮಿಯಂದು ಅದಕ್ಕೂ ಹೂವು ಅಕ್ಷತೆ ಸಲ್ಲುತ್ತಿತ್ತು. ಅದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ‘ದೊಡ್ಡ ಶಾಸ್ತ್ರ’ ಎಂದು ಅತ್ತೆ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ನಡುವಣ ಗರಿಗಳಿಗೆ ಗೆದ್ದಲು ಹತ್ತಿತು. ಹಾಳಾದ ಶಾಸ್ತ್ರವನ್ನು ಮನೆಯಲ್ಲಿಡಬಾರದೆಂದು ಹಿರಿಯರು ನಿಶ್ಚಯಿಸಿ, ಆ ಗರಿಗಳನ್ನು ಬೇರ್ಪಡಿಸಿ ನೇತ್ರಾವತಿಯಲ್ಲಿ ವಿಸರ್ಜಿಸಲು ನನ್ನ ಕೈಗೆ ಕೊಟ್ಟರು. ನನಗಾಗ ಮೂವತ್ತು ಇರಬಹುದು, ಪದವೀಧರ. ಮೂಡುಬಿದಿರೆಗೆ ಒಯ್ದು ಯಾರಿಗಾದರೂ ತೋರಿಸೋಣವೆಂದು ನನಗೆ ಹೊಳೆಯಲಿಲ್ಲ. ಬಂಟ್ವಾಳದ ಕಟ್ಟೆಯಲ್ಲಿ ನಿಂತು, ನಮಸ್ಕರಿಸಿ, ಭಕ್ತಿಯಿಂದಲೇ ನೀರಿಗೆ ಬಿಟ್ಟೆ.

ಉಳಿದ ಗರಿಗಳನ್ನು ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಗೆ ಒಯ್ದೆ. ಹಳೆಯ ಲಿಪಿ ಬಲ್ಲ ವಿದ್ವಾಂಸರೊಬ್ಬರು ಮಧ್ಯಾಹ್ನವಿಡೀ ಕುಳಿತು ನೋಡಿದರು. ಮೊದಲ ಭಾಗ ಒಂದು ವ್ರತಕಥೆ, ಕೊನೆಯ ಭಾಗ ಬೇರೆ ಕೈಯಲ್ಲಿ ಬರೆದ ವೈದ್ಯ. ವ್ರತಕಥೆ ಎಲ್ಲಿ ಮುಗಿಯಿತು, ಬರೆದವನಾರು, ಬರೆಯಿಸಿದವರಾರು ಎಂಬುದು ನಡುವಣ ಗರಿಗಳಲ್ಲಿರಬೇಕೆಂದು ಅವರು ಹೇಳಿದರು. ನಾನು ನಡೆದುದನ್ನು ತಿಳಿಸಿದೆ. ಅವರು ಬೇಸರಿಸಲಿಲ್ಲ, ಇಂತಹ ಮಾತನ್ನು ಬಹಳ ಸಲ ಕೇಳಿದ್ದವರಂತೆ ಸುಮ್ಮನಾದರು. ಆಮೇಲೆ ಗರಿಗಳನ್ನು ಎಣಿಸಿ, ಅಳತೆ ತೆಗೆದು, ಪಟ್ಟಿಯಲ್ಲಿ ಬರೆಯಲು ನನಗೇ ಲೇಖನಿ ಕೊಟ್ಟರು. ಸ್ಥಿತಿ ಎಂಬ ಅಂಕಣದಲ್ಲಿ ‘ಅಪೂರ್ಣ, ಮಧ್ಯದ ಗರಿಗಳಿಲ್ಲ’ ಎಂದು ಬರೆದೆ. ಕಾರಣಕ್ಕೆ ಅಂಕಣವಿರಲಿಲ್ಲ. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅದನ್ನೂ ಬರೆದು ಕೆಳಗೆ ಸಹಿ ಹಾಕಿ ಬಂದೆ.